ಗಂಡು ಹೆಸರಿನ ಮರೆಯಲ್ಲಿ ಬರೆದವರು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ಗಂಡಸರ ಹೆಸರಿನಲ್ಲಿ ಬರೆದ ಲೇಖಕಿಯರು’ ಎಂದು ಅಚ್ಚಾಗಿದೆ. ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ನನ್ನ ಸಹಪಾಠಿಯೊಬ್ಬರು, “ನಮ್ಮೂರ ಹೈಸ್ಕೂಲಿಗೂ ಅದಕ್ಕೂ ಏನು ಸಂಬಂಧ? ಸುಮ್ಮನೆ ಹಳೆಯ ನೆನಪು ಹೇಳಬಾರದಾ?” ಅಂದರು. ನಾನು ಮೂವತ್ತು ವರ್ಷಕ್ಕೂ ಮೇಲೆ ಪದವಿಪೂರ್ವ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವಳು. ಹೊರಗಿನ ಲೇಖಕಿಯರ ಕಥೆ ಹೇಳದಿದ್ದರೆ ನನಗೆ ಮಾತೇ ಬಾರದು. ಆದರೆ ಅವರ ಕಥೆ ಹೇಳುವುದಕ್ಕೆ ಮೊದಲು ಈ ಶಾಲೆಯದೇ ಒಂದು ನೆನಪು ಹೇಳಬೇಕಾಗಿದೆ. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

1978ರಲ್ಲಿ ನಾನು ಇಲ್ಲಿ ಒಂಬತ್ತನೇ ತರಗತಿಯಲ್ಲಿದ್ದೆ. ನಮ್ಮಣ್ಣ ಹತ್ತನೇ ತರಗತಿ. ಆಗ ಶಾಲೆಗೆ ಇದ್ದದ್ದು ಮೂರೇ ಹೆಂಚಿನ ಕೋಣೆ. ಮಳೆ ಬಂದರೆ ಎರಡು ತರಗತಿಯವರು ಒಂದೇ ಕಡೆ ಕೂರಬೇಕಿತ್ತು. ಪಂಚಾಯ್ತಿ ಕಟ್ಟೆಗೆ ಪೇಪರ್ ಬರುತ್ತಿತ್ತು. ಭಾನುವಾರದ ಪೇಪರಿನಲ್ಲಿ ಮಕ್ಕಳಿಗೆ ಅಂತ ಒಂದು ಪುಟ. ಆ ಪುಟವನ್ನು ಅಣ್ಣ ನನಗಾಗಿ ಕೇಳಿ ತರುತ್ತಿದ್ದ. ಓದಿ ಓದಿ ನನಗೂ ಬರೆಯುವ ಹುಚ್ಚು ಹತ್ತಿತು. ಸಂತೆಯಲ್ಲಿ ಮಾರಿದ ನಮ್ಮಜ್ಜಿಯ ಎಮ್ಮೆ ಮೂರು ದಿನ ನಡೆದು ವಾಪಸ್ ಮನೆಗೆ ಬಂದದ್ದರ ಮೇಲೆ ಒಂದು ಕಥೆ ಬರೆದೆ. ಅದು ನಮ್ಮ ಮನೆಯಲ್ಲಿ ನಡೆದ ಸಂಗತಿಯೇ.

ಕಳಿಸೋಣ ಅಂದರೆ ಅಪ್ಪನ ಭಯ. ಅಪ್ಪ ಕೆಟ್ಟವರಲ್ಲ. ಊರಿನಲ್ಲಿ ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ಕಳಿಸಿದ ಮೊದಲ ನಾಲ್ಕೈದು ಜನರಲ್ಲಿ ಅವರೂ ಒಬ್ಬರು. ಆದರೆ, “ಹೆಣ್ ಹುಡ್ಗಿ ಹೆಸ್ರು ನಾಕ್ ಜನದ ಬಾಯಿಗೆ ಬೀಳಬಾರ್ದು ಕಣವ್ವ” ಅನ್ನುವುದು ಅವರ ಮಾತು. ಅದಕ್ಕೇ ಕಥೆಯ ಕೆಳಗೆ ಅಣ್ಣನ ಹೆಸರು ಬರೆದೆ. ಅಣ್ಣನನ್ನು ಕೇಳಿಯೇ ಬರೆದೆ. ಅವನು, “ಬಂದ್ರೆ ತಾನೆ, ಬರ್ಕೊ ಹೋಗು” ಅಂದ.

ಬಂತು. ಎರಡು ತಿಂಗಳಾದ ಮೇಲೆ ಕಥೆ ಅಚ್ಚಾಯಿತು, ಆಮೇಲೆ ಹತ್ತು ರೂಪಾಯಿಯ ಮನಿಯಾರ್ಡರೂ ಬಂತು. ಪೋಸ್ಟ್‌ಮ್ಯಾನ್ ಬಂದಾಗ ಅಣ್ಣ ಗದ್ದೆಯಲ್ಲಿದ್ದ. ನಾನು ಕೈ ಚಾಚಿದೆ. “ನೀನ್ ತಗಳಕ್ಕಾಗಲ್ಲ ಕಣವ್ವ, ಹೆಸ್ರು ಯಾರ್ದೈತೋ ಅವ್ರೇ ಸೈನ್ ಹಾಕ್ಬೇಕು” ಅಂದರು. ಅವರು ಸರಿಯಾಗಿಯೇ ಹೇಳಿದರು. ನಾನು ಗದ್ದೆಗೆ ಓಡಿಹೋಗಿ ಅಣ್ಣನನ್ನು ಕರೆದುಕೊಂಡು ಬಂದೆ. ನನ್ನ ಕಥೆಯ ದುಡ್ಡಿಗೆ ಅಣ್ಣ ಸೈನ್ ಹಾಕಿದ. ನಾನು ಪಕ್ಕದಲ್ಲಿ ನಿಂತು ನೋಡಿದೆ.

ಮಾರನೆಯ ವಾರ ಪ್ರಾರ್ಥನೆಯ ಹೊತ್ತಿಗೆ ಹೆಡ್‌ಮಾಸ್ಟರು ಪೇಪರ್ ಹಿಡಿದುಕೊಂಡು ಬಂದು ಇಡೀ ಕಥೆ ಓದಿದರು. ಅಣ್ಣನನ್ನು ಮುಂದೆ ಕರೆದು ಒಂದು ಇಂಕ್ ಪೆನ್ನು ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು, ಹುಡುಗಿಯರ ಸಾಲಿನಲ್ಲಿ ನಿಂತಿದ್ದ ನಾನೂ ತಟ್ಟಿದೆ. ಮನೆಗೆ ಬಂದ ತಕ್ಷಣ ಅಣ್ಣ ಪೆನ್ನೂ ಹತ್ತು ರೂಪಾಯಿಯೂ ನನ್ನ ಕೈಗೆ ಕೊಟ್ಟ. ಅವನಿಗೆ ಆ ಚಪ್ಪಾಳೆ ಮುಜುಗರವಾಗಿತ್ತು. ನನಗೆ ಮಾತ್ರ ಅವತ್ತು ಬೇಜಾರಾಗಲಿಲ್ಲ, ಒಳಗೊಳಗೇ ಖುಷಿಯಾಗಿತ್ತು. ಬೇಜಾರಾದದ್ದು ಆಮೇಲೆ. ಅದನ್ನು ಮುಂದೆ ಹೇಳುತ್ತೇನೆ.

ಎಷ್ಟೋ ವರ್ಷದ ಮೇಲೆ ಎಂ.ಎ. ಓದುವಾಗ ಇಂಗ್ಲೆಂಡಿನ ಬ್ರಾಂಟೆ ಸಹೋದರಿಯರ ಚರಿತ್ರೆ ಓದಿದೆ. ಅದರಲ್ಲಿಯೂ ಒಬ್ಬ ಪೋಸ್ಟ್‌ಮ್ಯಾನ್ ಬರುತ್ತಾನೆ. ಓದುತ್ತಾ ಹಾಗೇ ಪುಸ್ತಕ ಮುಚ್ಚಿ ಕೂತುಬಿಟ್ಟೆ.

ಯಾರ್ಕ್‌ಷೈರ್ ಸೀಮೆಯಲ್ಲಿ ಹಾವರ್ತ್ ಅಂತ ಒಂದು ಊರು. ಗುಡ್ಡದ ಮೇಲಿನ ಊರು, ಸದಾ ಗಾಳಿ. ಅಲ್ಲಿನ ಚರ್ಚಿನ ಪಾದ್ರಿಗೆ ಮೂವರು ಹೆಣ್ಣುಮಕ್ಕಳು ಉಳಿದಿದ್ದರು: 1816ರಲ್ಲಿ ಹುಟ್ಟಿದ ಷಾರ್ಲೆಟ್, 1818ರಲ್ಲಿ ಹುಟ್ಟಿದ ಎಮಿಲಿ, 1820ರಲ್ಲಿ ಹುಟ್ಟಿದ ಆನ್. ಒಬ್ಬ ಗಂಡುಮಗ ಬ್ರಾನ್‌ವೆಲ್. ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡಿದ್ದಳು. ಮನೆಯವರ ಆಸೆಯೆಲ್ಲ ಗಂಡುಮಗನ ಮೇಲೆ. ಹೆಣ್ಣುಮಕ್ಕಳು ಹೊಟ್ಟೆಪಾಡಿಗೆ ಶ್ರೀಮಂತರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳುವ, ಬಟ್ಟೆ ಹೊಲಿದುಕೊಡುವ ಕೆಲಸಕ್ಕೆ ಹೋಗುತ್ತಿದ್ದರು. ಷಾರ್ಲೆಟ್‌ಗೆ ಒಂದು ಮನೆಯಲ್ಲಿ ವರ್ಷಕ್ಕೆ 20 ಪೌಂಡ್ ಸಂಬಳ.

ಇಪ್ಪತ್ತು ವರ್ಷದವಳಿದ್ದಾಗ ಷಾರ್ಲೆಟ್ ತನ್ನ ಕವಿತೆಗಳನ್ನು ಆಗಿನ ಆಸ್ಥಾನಕವಿ ರಾಬರ್ಟ್ ಸೌದಿಗೆ ಕಳಿಸಿ ಅಭಿಪ್ರಾಯ ಕೇಳಿದಳು. 1837ರಲ್ಲಿ ಉತ್ತರ ಬಂತು. ನಿನ್ನಲ್ಲಿ ಶಕ್ತಿಯಿದೆ, ಆದರೆ ಸಾಹಿತ್ಯ ಹೆಂಗಸಿನ ಬದುಕಿನ ಕಸುಬಾಗಲು ಸಾಧ್ಯವಿಲ್ಲ, ಆಗಲೂಬಾರದು ಎನ್ನುವುದು ಅದರ ಸಾರಾಂಶ. ಆಕೆ ಆ ಪತ್ರವನ್ನು ಜೋಪಾನವಾಗಿ ಇಟ್ಟುಕೊಂಡಳು. ಬರೆಯುವುದನ್ನು ಮಾತ್ರ ಬಿಡಲಿಲ್ಲ.

1845ರಲ್ಲಿ ತಂಗಿ ಎಮಿಲಿ ಗುಟ್ಟಾಗಿ ಬರೆದಿಟ್ಟಿದ್ದ ಕವಿತೆಗಳು ಷಾರ್ಲೆಟ್ ಕಣ್ಣಿಗೆ ಬಿದ್ದವು. ಎಮಿಲಿಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಅವಳನ್ನು ಒಪ್ಪಿಸುವುದಕ್ಕೇ ದಿನಗಳು ಬೇಕಾದವು. ಕೊನೆಗೆ ಮೂವರೂ ಸೇರಿ, ತೀರಿಹೋದ ದೊಡ್ಡಮ್ಮ ಬಿಟ್ಟುಹೋದ ದುಡ್ಡಿನಲ್ಲಿ 31 ಪೌಂಡಿಗೂ ಮೇಲೆ ಕೊಟ್ಟು 1846ರಲ್ಲಿ ಒಂದು ಕವನ ಸಂಕಲನ ಅಚ್ಚು ಹಾಕಿಸಿದರು. ಅಂದರೆ ಷಾರ್ಲೆಟ್‌ಳ ಒಂದೂವರೆ ವರ್ಷದ ಸಂಬಳ. ಪುಸ್ತಕದ ಮೇಲೆ ಇದ್ದ ಹೆಸರು ಕರರ್, ಎಲಿಸ್ ಮತ್ತು ಆಕ್ಟನ್ ಬೆಲ್. ಷಾರ್ಲೆಟ್‌ಗೆ ಕರರ್, ಎಮಿಲಿಗೆ ಎಲಿಸ್, ಆನ್‌ಗೆ ಆಕ್ಟನ್. ಇಂಗ್ಲಿಷಿನಲ್ಲಿ ಅವರವರ ಹೆಸರಿನ ಮೊದಲ ಅಕ್ಷರವನ್ನು ಹಾಗೇ ಉಳಿಸಿಕೊಂಡಿದ್ದರು. ಓದಿದವರಿಗೆ ಗಂಡಸರ ಹೆಸರಿನಂತೆ ಕಾಣಬೇಕು, ಆದರೆ ನಾವು ಗಂಡಸರು ಎಂದು ಬಾಯಿಬಿಟ್ಟು ಸುಳ್ಳು ಹೇಳಿದಂತೆಯೂ ಆಗಬಾರದು. ಯಾಕೆ ಹೀಗೆ ಮಾಡಿದಿರಿ ಅಂದರೆ, ಹೆಂಗಸು ಬರೆದದ್ದು ಎಂದು ಗೊತ್ತಾದರೆ ವಿಮರ್ಶಕರು ಪುಸ್ತಕವನ್ನು ಬಿಟ್ಟು ಬರೆದವಳ ನಡತೆ ನೋಡುತ್ತಾರೆ, ಹೊಗಳಿದರೂ ನಿಜವಾದ ಹೊಗಳಿಕೆಯಾಗಿರುವುದಿಲ್ಲ ಎಂದು ಷಾರ್ಲೆಟ್ ಮುಂದೆ 1850ರಲ್ಲಿ ಕಾರಣ ಕೊಟ್ಟಳು. ಇಷ್ಟೆಲ್ಲ ಮಾಡಿದ ಆ ಪುಸ್ತಕ ಮೊದಲ ವರ್ಷ ಮಾರಾಟವಾದದ್ದು ಎರಡೇ ಎರಡು ಪ್ರತಿ.

ಮಕ್ಕಳೇ, ಇದನ್ನು ನೀವು ನೆನಪಿಟ್ಟುಕೊಳ್ಳಿ. ಎರಡು ಪ್ರತಿ ಮಾರಾಟವಾದ ಮೇಲೆ ಅವರು ಕೈಕಟ್ಟಿ ಕೂರಲಿಲ್ಲ. ಮೂವರೂ ಕಾದಂಬರಿಗೆ ಕೈಹಾಕಿದರು. ರಾತ್ರಿ ಊಟ ಮುಗಿದ ಮೇಲೆ ಮೇಜಿನ ಸುತ್ತ ನಡೆಯುತ್ತಾ ಒಬ್ಬರು ಬರೆದದ್ದನ್ನು ಇನ್ನೊಬ್ಬರಿಗೆ ಓದಿ ಹೇಳುತ್ತಿದ್ದರು. 1847ರ ಅಕ್ಟೋಬರಿನಲ್ಲಿ ಷಾರ್ಲೆಟ್‌ಳ ‘ಜೇನ್ ಏರ್’, ಡಿಸೆಂಬರಿನಲ್ಲಿ ಎಮಿಲಿಯ ‘ವದರಿಂಗ್ ಹೈಟ್ಸ್’ ಮತ್ತು ಆನ್‌ಳ ‘ಆಗ್ನೆಸ್ ಗ್ರೇ’ ಬಂದವು. ‘ಜೇನ್ ಏರ್’ ಲಂಡನ್ನಿನಲ್ಲಿ ಮನೆಮಾತಾಯಿತು. ಹಾವರ್ತ್‌ನಲ್ಲಿ ಮಾತ್ರ ಯಾರಿಗೂ ಗೊತ್ತಿಲ್ಲ, ಹೆತ್ತ ತಂದೆಗೂ ಗೊತ್ತಿಲ್ಲ.

ಪೋಸ್ಟ್‌ಮ್ಯಾನ್ ಬರುವುದು ಇಲ್ಲಿಯೇ. ಒಂದು ದಿನ ಅವನು ಪಾದ್ರಿಯನ್ನು ಕೇಳಿದ: ಕರರ್ ಬೆಲ್ ಅನ್ನುವವರಿಗೆ ಕಾಗದ ಬರುತ್ತಿದೆಯಲ್ಲ, ಅವರು ಯಾರು? ಪಾದ್ರಿ ಹೇಳಿದರು, ಆ ಹೆಸರಿನವರು ನಮ್ಮ ಊರಿನಲ್ಲಿ ಯಾರೂ ಇಲ್ಲ. ಆ ಹೆಸರಿನವಳು ಅದೇ ಮನೆಯ ಅಡುಗೆಮನೆಯಲ್ಲಿ ಇದ್ದಿರಬಹುದು!

ಪುಸ್ತಕ ಗೆದ್ದ ಮೇಲೆ ತಂಗಿಯರ ಒತ್ತಾಯಕ್ಕೆ ಷಾರ್ಲೆಟ್ ಒಂದು ಪ್ರತಿ ಮತ್ತು ಕೆಲವು ವಿಮರ್ಶೆಗಳನ್ನು ಹಿಡಿದುಕೊಂಡು ತಂದೆಯ ಕೋಣೆಗೆ ಹೋದಳು. ಅವರಿಗೆ ಕಣ್ಣು ಮಂಜು. ವಿಮರ್ಶೆ ಓದಿ ಹೇಳಿ, ಪುಸ್ತಕ ಇಟ್ಟು ಬಂದಳು. ಸಂಜೆ ಟೀ ಹೊತ್ತಿಗೆ ತಂದೆ ಹೊರಗೆ ಬಂದು, ಷಾರ್ಲೆಟ್ ಒಂದು ಪುಸ್ತಕ ಬರೆದಿದ್ದಾಳೆ, ಅಂದುಕೊಂಡದ್ದಕ್ಕಿಂತ ಚೆನ್ನಾಗಿದೆ ಎಂದು ಉಳಿದ ಮಕ್ಕಳಿಗೆ ಹೇಳಿದರಂತೆ. ಈ ಸಂಗತಿ ಓದಿದಾಗಲೆಲ್ಲ ನನಗೆ ನಮ್ಮಪ್ಪನ ನೆನಪಾಗುತ್ತದೆ. ನಾನು ಅವರ ಕೋಣೆಗೆ ಪೇಪರ್ ಹಿಡಿದು ಹೋಗಲೇ ಇಲ್ಲ. ಹೋಗಿದ್ದರೆ ಏನನ್ನುತ್ತಿದ್ದರೋ. ಬೈಯುತ್ತಾರೆ ಎಂದು ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

ಮರೆಯ ಹೆಸರು ಹೆಚ್ಚು ದಿನ ನೆಮ್ಮದಿ ಕೊಡುವುದಿಲ್ಲ. ಮೂವರು ಬೆಲ್‌ಗಳೂ ಒಬ್ಬನೇ ಮನುಷ್ಯ ಎಂಬ ಸುದ್ದಿ ಹಬ್ಬಿತು. ತಂಗಿಯರ ಪುಸ್ತಕ ಅಚ್ಚು ಹಾಕಿದ ಪ್ರಕಾಶಕ ‘ಜೇನ್ ಏರ್’ನ ಹೆಸರಿನ ಲಾಭ ಪಡೆಯಲು ಈ ಸುದ್ದಿಗೆ ಗಾಳಿ ಹಾಕಿದ. ಷಾರ್ಲೆಟ್‌ಳ ಪ್ರಕಾಶಕರಿಗೆ, ಈಕೆ ನಮಗೆ ಮೋಸ ಮಾಡುತ್ತಿದ್ದಾಳೇನೋ ಎಂಬ ಅನುಮಾನ ಬರುವ ಹಾಗಾಯಿತು. 1848ರ ಜುಲೈ ತಿಂಗಳ ಒಂದು ಸಂಜೆ ಷಾರ್ಲೆಟ್ ಮತ್ತು ಆನ್ ಬಿರುಮಳೆಯಲ್ಲಿ ನಾಲ್ಕು ಮೈಲಿ ನಡೆದು ರೈಲು ಹತ್ತಿದರು. ರಾತ್ರಿಯಿಡೀ ಪ್ರಯಾಣ ಮಾಡಿ ಬೆಳಿಗ್ಗೆ ಲಂಡನ್ನಿನಲ್ಲಿ ಇಳಿದು ಪ್ರಕಾಶಕರ ಆಫೀಸು ಹುಡುಕಿಕೊಂಡು ಹೋದರು. ಯಜಮಾನ ಜಾರ್ಜ್ ಸ್ಮಿತ್‌ಗೆ ಆಗ ಇಪ್ಪತ್ನಾಲ್ಕು ವರ್ಷ. ಎದುರಿಗೆ ಹಳ್ಳಿಯ ಉಡುಪಿನ ಇಬ್ಬರು ಕುಳ್ಳು ಹೆಂಗಸರು. ಷಾರ್ಲೆಟ್ ಮಾತಾಡದೆ, ಅವನೇ ಕರರ್ ಬೆಲ್‌ಗೆ ಬರೆದಿದ್ದ ಕಾಗದವನ್ನು ಅವನ ಕೈಗಿಟ್ಟಳು. ಇದು ನಿಮಗೆಲ್ಲಿ ಸಿಕ್ಕಿತು ಎಂದು ಅವನು ಕೇಳಿದ. ನಾವು ಮೂವರು ಅಕ್ಕತಂಗಿಯರು, ಮೂವರು ಬೇರೆ ಬೇರೆ ಲೇಖಕಿಯರು ಎಂದು ಹೇಳುವುದಕ್ಕೆ ಅವರು ಅಷ್ಟು ದೂರ ಹೋಗಬೇಕಾಯಿತು.

ಎಮಿಲಿ ಹೋಗಿರಲಿಲ್ಲ. ಗುಟ್ಟು ರಟ್ಟಾದದ್ದು ಅವಳಿಗೆ ಸ್ವಲ್ಪವೂ ಸರಿಬರಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಕ್ಷಯದಿಂದ ಅವಳು ತೀರಿಕೊಂಡಳು, ಮುಂದಿನ ಮೇ ತಿಂಗಳಲ್ಲಿ ಆನ್ ತೀರಿಕೊಂಡಳು. ಅವರ ನಿಜವಾದ ಹೆಸರು ಓದುಗರಿಗೆ ತಿಳಿಯುವ ಹೊತ್ತಿಗೆ ಇಬ್ಬರೂ ಇರಲಿಲ್ಲ.

ಅವರ ಭಯಕ್ಕೆ ಆಧಾರ ಇತ್ತೇ ಎಂದು ಕೇಳಬಹುದು. ಇತ್ತು. ‘ಜೇನ್ ಏರ್’ ಬರೆದವರು ಗಂಡಸಾದರೆ ಪುಸ್ತಕ ಚೆನ್ನಾಗಿದೆ, ಹೆಂಗಸಾದರೆ ಅಸಹ್ಯ ಎಂಬ ಅರ್ಥ ಬರುವ ಹಾಗೆ ಒಂದು ಪತ್ರಿಕೆ ಬರೆದಿತ್ತೆಂದು ಷಾರ್ಲೆಟ್ ತನ್ನ ಪ್ರಕಾಶಕರಿಗೆ ಬರೆದ ಪತ್ರದಲ್ಲಿ ಹೇಳಿದ್ದಾಳೆ. ಪುಸ್ತಕ ಅದೇ, ಸಾಲುಗಳೂ ಅವೇ. ಮೇಲಿನ ಹೆಸರು ಬದಲಾದರೆ ಓದುವವರ ಕಣ್ಣೂ ಬದಲಾಗುತ್ತದೆ.

ಇದು ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. ಈಗ ನನ್ನ ಬೇಜಾರಿನ ವಿಷಯ ಹೇಳುತ್ತೇನೆ.

ಎಮ್ಮೆಯ ಕಥೆಯಲ್ಲಿ ನಾನು, ಎಮ್ಮೆ ‘ಕರೆಯದೆ ಬಂದ ನೆಂಟರ ಹಾಗೆ’ ಬಾಗಿಲಲ್ಲಿ ನಿಂತಿತ್ತು ಎಂದು ಬರೆದಿದ್ದೆ. ಆ ಮಾತು ನನಗೆ ಬಹಳ ಇಷ್ಟ. ಒಂದೆರಡು ತಿಂಗಳಾದ ಮೇಲೆ ಕನ್ನಡ ಮೇಷ್ಟ್ರು ‘ನಮ್ಮೂರ ಮಳೆ’ ಎಂದು ಪ್ರಬಂಧ ಬರೆಯಲು ಹೇಳಿದರು. ಹೆಡ್‌ಮಾಸ್ಟರು ಕೊಟ್ಟ ಅದೇ ಪೆನ್ನಿನಲ್ಲಿ, ಮಳೆ ಕರೆಯದೆ ಬಂದ ನೆಂಟರ ಹಾಗೆ ಬಂತು ಎಂದು ಬರೆದೆ. ನೋಟ್ ಬುಕ್ ವಾಪಸ್ ಬಂದಾಗ ಆ ಸಾಲಿನ ಕೆಳಗೆ ಕೆಂಪು ಶಾಯಿಯ ಗೆರೆ ಇತ್ತು. ಪಕ್ಕದಲ್ಲಿ, “ಇದು ನಿನ್ನ ಅಣ್ಣನ ಸಾಲು. ಸ್ವಂತವಾಗಿ ಬರೆಯಲು ಕಲಿ.”

ಮೇಷ್ಟ್ರು ಒಳ್ಳೆಯವರು. ತಮ್ಮ ಮನೆಯ ಪುಸ್ತಕಗಳನ್ನು ನನಗೆ ಓದಲು ಕೊಟ್ಟವರು. ನಾನು ಮುಂದೆ ಓದಬೇಕು ಎಂದು ಅಪ್ಪನ ಹತ್ತಿರ ಮಾತಾಡಿದವರೂ ಅವರೇ. ಅವರ ತಪ್ಪು ಇದರಲ್ಲಿ ಏನೂ ಇಲ್ಲ. ಅವರಿಗೆ ಗೊತ್ತಿದ್ದ ಮಟ್ಟಿಗೆ ಅದು ಅಣ್ಣನ ಸಾಲೇ. ನಾನು ಎದ್ದು ನಿಂತು, “ಸಾರ್, ಅದು ನಂದೇ” ಅನ್ನಬಹುದಿತ್ತು. ಅನ್ನಲಿಲ್ಲ. ಹೇಳಿದ್ದರೂ ಯಾರು ನಂಬುತ್ತಿದ್ದರು? ಕಥೆ ಬರೆದವನು ಅಣ್ಣ, ಕದ್ದವಳು ತಂಗಿ, ಈಗ ಸುಳ್ಳೂ ಹೇಳುತ್ತಿದ್ದಾಳೆ ಅನ್ನುತ್ತಿದ್ದರು. ಆಮೇಲೆ ನಾನು ಶಾಲೆಯಲ್ಲಿ ಅಂಥ ಸಾಲು ಬರೆಯಲಿಲ್ಲ. ಗೈಡಿನಲ್ಲಿ ಇದ್ದ ಹಾಗೆ ಬರೆದೆ, ಒಳ್ಳೆಯ ಅಂಕ ಬಂತು. ಕಥೆ ಬರೆಯುವುದು ಅಲ್ಲಿಗೆ ನಿಂತಿತು.

ಇಂಥದ್ದು ದೊಡ್ಡ ಲೇಖಕಿಗೂ ಆಗಿದೆ ಎಂದು ಓದಿದಾಗ ಸ್ವಲ್ಪ ಸಮಾಧಾನವಾಯಿತು. ಮೇರಿ ಆ್ಯನ್ ಇವಾನ್ಸ್ ಜಮೀನುದಾರರ ಆಸ್ತಿ ನೋಡಿಕೊಳ್ಳುತ್ತಿದ್ದವರೊಬ್ಬರ ಮಗಳು. 1819ರಲ್ಲಿ ಇಂಗ್ಲೆಂಡಿನ ನನೀಟನ್ ಸಮೀಪ ಹುಟ್ಟಿದವಳು. ಆಕೆ ಜಾರ್ಜ್ ಎಲಿಯಟ್ ಎಂಬ ಹೆಸರಿನಲ್ಲಿ ಬರೆದಳು. ಆಕೆಯ ಸಂಗಾತಿ ಲೂಯಿಸ್‌ಗೆ ಮೊದಲೇ ಮದುವೆಯಾಗಿತ್ತು, ಇವರಿಬ್ಬರೂ ಮದುವೆಯಾಗದೆ ಒಟ್ಟಿಗೆ ಬಾಳುತ್ತಿದ್ದರು. ಊರು ಅದನ್ನೇ ಆಡಿಕೊಳ್ಳುತ್ತಿತ್ತು. ಪುಸ್ತಕದ ಮೇಲೆ ತನ್ನ ಹೆಸರಿದ್ದರೆ ಜನ ಪುಸ್ತಕವನ್ನು ಓದುವುದಿಲ್ಲ, ತನ್ನ ಸಂಸಾರವನ್ನು ಓದುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಜಾರ್ಜ್ ಎನ್ನುವುದು ಲೂಯಿಸ್‌ನ ಹೆಸರು. ಎಲಿಯಟ್ ಎನ್ನುವುದು ಬಾಯಿಗೆ ಸುಲಭ ಎಂದು ಆರಿಸಿಕೊಂಡದ್ದು.

1859ರಲ್ಲಿ ‘ಆಡಂ ಬೀಡ್’ ಕಾದಂಬರಿ ಬಂತು, ಬಹಳ ಹೆಸರಾಯಿತು. ಅವಳ ಕಥೆಗಳಲ್ಲಿ ಹುಟ್ಟೂರಿನ ಕಡೆಯ ಜನ, ಜಾಗ ಎಲ್ಲ ಇದ್ದವು. ಇದನ್ನು ಬರೆದವನು ನಮ್ಮ ಕಡೆಯವನೇ ಎಂದು ಊರಿನವರು ಹುಡುಕಲು ಶುರುಮಾಡಿದರು. ಹುಡುಕಿ, ಲಿಗಿನ್ಸ್ ಎಂಬ ಒಬ್ಬನನ್ನು ಹಿಡಿದರು. ಅವನು ನಾನಲ್ಲ ಅನ್ನಲಿಲ್ಲ. ಪಾಪ, ಇಷ್ಟು ಒಳ್ಳೆಯ ಪುಸ್ತಕ ಬರೆದವನಿಗೆ ಪ್ರಕಾಶಕರು ಬಿಡಿಗಾಸೂ ಕೊಟ್ಟಿಲ್ಲವಂತೆ ಎಂದು ಅವನಿಗಾಗಿ ಚಂದಾ ಎತ್ತುವ ಮಾತೂ ನಡೆಯಿತು. ಆ ವರ್ಷವೇ ಮೇರಿ ಆ್ಯನ್ ತಾನು ಯಾರೆಂದು ಹೇಳಬೇಕಾಯಿತು. ಮರೆಯ ಹೆಸರಿನ ಅಪಾಯ ಇದು. ಖಾಲಿ ಬಿಟ್ಟ ಜಾಗದಲ್ಲಿ ಇನ್ಯಾರೋ ಬಂದು ಕೂರುತ್ತಾರೆ. ಲಿಗಿನ್ಸ್ ಸುಮ್ಮನೆ ಕೂತು ಹೊಗಳಿಸಿಕೊಂಡ; ನಮ್ಮಣ್ಣ ಪಾಪ ಬೆವರಿದ. ವ್ಯತ್ಯಾಸ ಅಷ್ಟೇ.

ಒಬ್ಬರು ಮಾತ್ರ ಮೋಸಹೋಗಲಿಲ್ಲ. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1858ರಲ್ಲಿ ಜಾರ್ಜ್ ಎಲಿಯಟ್‌ಗೆ ಪತ್ರ ಬರೆದು, ನನ್ನಿಷ್ಟಕ್ಕೆ ಬಿಟ್ಟಿದ್ದರೆ ನಿಮ್ಮನ್ನು ಹೆಣ್ಣುಮಗಳೆಂದೇ ಸಂಬೋಧಿಸುತ್ತಿದ್ದೆ ಎಂಬ ಅರ್ಥದ ಮಾತು ಹೇಳಿದರು. ಹಾಗಾದರೆ ಬರವಣಿಗೆ ನೋಡಿ ಗಂಡೋ ಹೆಣ್ಣೋ ಹೇಳಬಹುದೇ? ಅದಕ್ಕೆ ಇನ್ನೊಂದು ಕಥೆ ಕೇಳಿ. ಇದು ನಾವು ಶಾಲೆಯಲ್ಲಿದ್ದ ಕಾಲದ್ದೇ. ಅಮೆರಿಕದಲ್ಲಿ ಜೇಮ್ಸ್ ಟಿಪ್ಟ್ರೀ ಎಂಬ ಲೇಖಕ ವಿಜ್ಞಾನದ ಕಥೆಗಳನ್ನು ಬರೆಯುತ್ತಿದ್ದ. ಕಾಗದದಲ್ಲಿ ಎಲ್ಲರಿಗೂ ಸ್ನೇಹಿತ, ಕಣ್ಣಾರೆ ಕಂಡವರು ಯಾರೂ ಇಲ್ಲ. ಹೆಂಗಸಿರಬಹುದೇ ಎಂದು ಕೆಲವರು ಅಂದಾಗ, ಆಗಿನ ಹೆಸರಾಂತ ಲೇಖಕ ರಾಬರ್ಟ್ ಸಿಲ್ವರ್‌ಬರ್ಗ್ 1975ರಲ್ಲಿ ಟಿಪ್ಟ್ರೀಯ ಪುಸ್ತಕಕ್ಕೇ ಮುನ್ನುಡಿ ಬರೆಯುತ್ತಾ, ಇಲ್ಲ, ಈ ಬರವಣಿಗೆಯಲ್ಲಿ ಗಂಡಸುತನ ಎದ್ದು ಕಾಣುತ್ತದೆ ಎಂದರು. 1977ರಲ್ಲಿ ನಿಜ ಹೊರಬಿತ್ತು. ಟಿಪ್ಟ್ರೀ ಅಂದರೆ ಆಲಿಸ್ ಶೆಲ್ಡನ್ ಎಂಬ ಅರವತ್ತು ದಾಟಿದ ಹೆಂಗಸು! ಅಂಗಡಿಯಲ್ಲಿ ಕಂಡ ಹಣ್ಣಿನ ಜ್ಯಾಮಿನ ಡಬ್ಬಿಯ ಮೇಲಿನ ಹೆಸರನ್ನು ಇಟ್ಟುಕೊಂಡಿದ್ದಳು. ಸಿಲ್ವರ್‌ಬರ್ಗ್ ತಮ್ಮ ತಪ್ಪನ್ನು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡರು. ಡಿಕನ್ಸ್ ಒಮ್ಮೆ ಸರಿ ಹೇಳಿರಬಹುದು. ನಮ್ಮಂಥ ಹೆಚ್ಚಿನವರು ಮೊದಲು ಹೆಸರನ್ನು ನೋಡುತ್ತೇವೆ, ಆಮೇಲೆ ಬರವಣಿಗೆ.

ಇದೆಲ್ಲ ಪರದೇಶದ ಕಥೆ, ನಮ್ಮಲ್ಲಿ ಹೇಗೆ? ನಮ್ಮಲ್ಲಿ ಗಂಡು ಹೆಸರಿನ ಮರೆ ಅಷ್ಟು ಬಳಕೆಯಲ್ಲಿ ಬಂದಂತೆ ಕಾಣುವುದಿಲ್ಲ. ಬೇರೆ ಬೇರೆ ಮರೆಗಳಿದ್ದವು. ಹನ್ನೆರಡನೇ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಮಾರಯ್ಯ ಆಕೆಯ ಗಂಡ. ಅಂಕಿತದಲ್ಲಿ ಗಂಡನ ಹೆಸರಿದೆ. ಆದರೆ ಆ ಗಂಡ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ಆಸೆ, ಹೋಗಿ ಅಲ್ಲೇ ಸುರಿದು ಬಾ ಎಂದು ತಿದ್ದಿದವಳೂ ಅವಳೇ. ಹೆಸರಿನಲ್ಲಿ ಗಂಡ ಮುಂದೆ, ಮಾತಿನಲ್ಲಿ ಅವಳು ಮುಂದೆ.

ನಮ್ಮ ಕಾಲಕ್ಕೆ ಹತ್ತಿರ ಬಂದರೆ ಕೊಡಗಿನ ಗೌರಮ್ಮ. 1912ರಲ್ಲಿ ಹುಟ್ಟಿ 1939ರಲ್ಲಿ, ಇಪ್ಪತ್ತೇಳರ ವಯಸ್ಸಿಗೇ, ನೀರಿನ ಪಾಲಾದವರು. ವಿಧವೆಯರ ಸಂಕಟ, ಮದುವೆಯ ಹೆಸರಿನಲ್ಲಿ ಹೆಣ್ಣಿಗೆ ಆಗುವ ಅನ್ಯಾಯ ಇವನ್ನು ಆ ಕಾಲಕ್ಕೇ ಧೈರ್ಯವಾಗಿ ಬರೆದರು. ಅವರು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದು ಕಥೆ ಬರೆಯುತ್ತಿದ್ದರು. ಅದರಲ್ಲಿ ಹೆಣ್ಣು ಎಂಬ ಗುರುತು ಇದೆ, ಗೌರಮ್ಮ ಎಂಬುದು ಇಲ್ಲ. ಇವತ್ತು ನಾವು ಅವರನ್ನು ಕೊಡಗಿನ ಗೌರಮ್ಮ ಎಂದೇ ಕರೆಯುತ್ತೇವೆ. ಅದು ಓದುಗರು ವಾಪಸ್ ಕೊಟ್ಟ ಹೆಸರು.

ಇನ್ನು ವೈದೇಹಿಯವರು. ಕುಂದಾಪುರದ ಕಡೆಯ ಜಾನಕಿ ಶ್ರೀನಿವಾಸಮೂರ್ತಿಯವರು ‘ಸುಧಾ’ ವಾರಪತ್ರಿಕೆಗೆ ಒಂದು ಕಥೆ ಕಳಿಸಿದ್ದರು. ಅದು ನಿಜವಾಗಿ ನಡೆದ ಸಂಗತಿಯಾದ್ದರಿಂದ, ಅಚ್ಚು ಹಾಕಬೇಡಿ ಎಂದು ಮತ್ತೆ ಕಾಗದ ಬರೆದರು. ಸಂಪಾದಕರು ಕಥೆಯನ್ನು ಬಿಡಲಿಲ್ಲ, ಹೆಸರನ್ನು ವೈದೇಹಿ ಎಂದು ಬದಲಿಸಿ ಅಚ್ಚು ಹಾಕಿದರು. ಜಾನಕಿಯೂ ಸೀತೆ, ವೈದೇಹಿಯೂ ಸೀತೆ. ಆ ಹೆಸರೇ ಉಳಿದು ಬೆಳೆಯಿತು, 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಇದಕ್ಕೆಲ್ಲ ಬಹಳ ಮೊದಲೇ, ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ 1913ರಲ್ಲಿ ‘ಸತೀ ಹಿತೈಷಿಣೀ’ ಗ್ರಂಥಮಾಲೆ ಶುರುಮಾಡಿ, ತಮ್ಮ ಹೆಸರಿನಲ್ಲಿಯೇ ಪುಸ್ತಕ ಬರೆದು ತಾವೇ ಪ್ರಕಟಿಸಿದರು. ಮರೆಯಿಲ್ಲದೆ ನಿಂತವರೂ ನಮ್ಮಲ್ಲಿದ್ದರು ಎಂದು ಹೇಳಲು ಈ ಮಾತು.

ಸ್ವಂತ ಹೆಸರು ಹಾಕಿದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆ ಎಂದಲ್ಲ. ಉರ್ದು ಲೇಖಕಿ ಇಸ್ಮತ್ ಚುಗ್ತಾಯಿ ಅವರ ಮೊದಲ ನಾಟಕ 1939ರಲ್ಲಿ ‘ಸಾಕಿ’ ಪತ್ರಿಕೆಯಲ್ಲಿ ಬಂತು. ಅವರ ಅಣ್ಣ ಅಜೀಮ್ ಬೇಗ್ ಆಗಲೇ ಹೆಸರು ಮಾಡಿದ್ದ ಲೇಖಕ. ಓದುಗರು, ಇದು ಅಣ್ಣನೇ ಬೇರೆ ಹೆಸರಿನಲ್ಲಿ ಬರೆದದ್ದು ಅಂದುಕೊಂಡರಂತೆ. ನಾನು ಅಣ್ಣನ ಹೆಸರಿನಲ್ಲಿ ಬರೆದೆ, ಅಣ್ಣನದು ಅಂದರು. ಅವರು ತಮ್ಮ ಹೆಸರಿನಲ್ಲೇ ಬರೆದರೂ ಅಣ್ಣನದೇ ಅಂದರು! ಇಸ್ಮತ್ ಮಾತ್ರ ನಿಲ್ಲಿಸಲಿಲ್ಲ. ಬರೆಯುತ್ತಲೇ ಹೋದರು. ಕೊನೆಗೆ ಉರ್ದುವಿನಲ್ಲಿ ಚುಗ್ತಾಯಿ ಅಂದರೆ ಮೊದಲು ನೆನಪಾಗುವುದು ತಂಗಿ ಎನ್ನುವ ಹಾಗಾಯಿತು. ನಾನು ಕೆಂಪು ಶಾಯಿಯ ಒಂದು ಗೆರೆಗೆ ನಿಲ್ಲಿಸಿದೆ.

ಇನ್ನೊಂದು ಮಾತು. 2020ರಲ್ಲಿ ಬ್ರಿಟನ್ನಿನ ಮಹಿಳಾ ಕಾದಂಬರಿ ಪ್ರಶಸ್ತಿಯ 25ನೇ ವರ್ಷಕ್ಕೆ, ಗಂಡು ಹೆಸರಿನಲ್ಲಿ ಬರೆದ ಲೇಖಕಿಯರ 25 ಪುಸ್ತಕಗಳನ್ನು ಅವರ ನಿಜವಾದ ಹೆಸರು ಹಾಕಿ ಹೊರತಂದರು. ‘ಮಿಡಲ್‌ಮಾರ್ಚ್’ ಮೇಲೆ ಜಾರ್ಜ್ ಎಲಿಯಟ್ ಬದಲು ಮೇರಿ ಆ್ಯನ್ ಇವಾನ್ಸ್ ಎಂದಾಯಿತು. ಹಲವರು ಮೆಚ್ಚಿದರು. ಹಲವರು, ಗುಟ್ಟು ಬಯಲಾದ ಮೇಲೂ ಆಕೆ ಜಾರ್ಜ್ ಎಲಿಯಟ್ ಎಂದೇ ಬರೆದಳಲ್ಲ, ಆ ಹೆಸರು ಅವಳದೇ ಆಯ್ಕೆ, ತೆಗೆಯಲು ನೀವ್ಯಾರು ಎಂದು ಕೇಳಿದರು. ನನಗೆ ಎರಡನೆಯದೇ ಸರಿ ಕಾಣುತ್ತದೆ. ಇಷ್ಟಪಟ್ಟು ಇಟ್ಟುಕೊಂಡ ಹೆಸರು ಬೇರೆ, ಹೆದರಿ ಹಾಕಿದ ಹೆಸರು ಬೇರೆ. ತ್ರಿವೇಣಿ ಎಂಬ ಹೆಸರು ತೆಗೆದು ಅನಸೂಯಾ ಶಂಕರ್ ಎಂದು ಬರೆದರೆ ನಮಗೆ ಯಾರಿಗಾದರೂ ಹಿಡಿಸುತ್ತದೆಯೇ? ನನ್ನದು ಹಾಗಲ್ಲ. ನನ್ನದು ಹೆದರಿ ಹಾಕಿದ ಹೆಸರು.

ಈಗ ಇಷ್ಟು ವರ್ಷದ ಮೇಲೆ ಇದನ್ನು ಯಾಕೆ ಎತ್ತಿದೆ ಅಂದರೆ, ಮೂರು ತಿಂಗಳ ಹಿಂದೆ ಸಂಚಿಕೆಯ ಸಮಿತಿಯವರು ನಮ್ಮಣ್ಣನ ಮನೆಗೆ ಹೋಗಿದ್ದರು. ಶಾಲೆಯಿಂದ ಪೇಪರಿನಲ್ಲಿ ಕಥೆ ಬಂದ ಮೊದಲ ವಿದ್ಯಾರ್ಥಿ ನೀವು, ಆ ಕಥೆಯನ್ನು ಸುವರ್ಣ ಸಂಚಿಕೆಯಲ್ಲಿ ಮತ್ತೆ ಅಚ್ಚು ಹಾಕುತ್ತೇವೆ ಎಂದರಂತೆ. ಅವತ್ತು ರಾತ್ರಿ ಅಣ್ಣ ಫೋನ್ ಮಾಡಿದ. “ತಂಗಿ, ಊರೋರು ನನ್ನ ಕಥೆಗಾರ ಅಂತ ಕರೆಯೋದ ಇಷ್ಟ್ ವರ್ಷ ತಡ್ಕಂಡೆ. ಮಕ್ಳು, ಮೊಮ್ಮಕ್ಳೂ ಹಂಗೇ ತಿಳ್ಕಂಡವ್ರೆ. ನಾನು ಜೀವಮಾನದಲ್ಲಿ ಬರ್ದಿರೋದು ಸೊಸೈಟಿ ಸಾಲದ ಅರ್ಜಿ ಒಂದೇ. ಇನ್ನ ನನ್ ಕೈಲಾಗಲ್ಲ. ನೀನ್ ಬಂದು ಹೇಳ್ಬುಡು” ಅಂದ.

ಅಣ್ಣ ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾನೆ. ಅಣ್ಣಾ, ಹೇಳಿದ್ದೀನಿ. ನಿನ್ನ ಮೇಲೆ ಭಾರ ಹೊರಿಸಿದ್ದಕ್ಕೆ ಕ್ಷಮಿಸು. ಸಮಿತಿಯವರು ಕಥೆಯ ಕೆಳಗೆ ಯಾರ ಹೆಸರು ಹಾಕಬೇಕು ಎಂದು ಕೇಳಿದ್ದಾರೆ. ನನ್ನ ಹೆಸರು ಹಾಕಿ. ಅದರ ಕೆಳಗೆ, ‘ಮೊದಲು ಅಣ್ಣನ ಹೆಸರಿನಲ್ಲಿ ಪ್ರಕಟವಾದದ್ದು’ ಎಂದೂ ಹಾಕಿ. ಅವನ ಹೆಸರಿಲ್ಲದಿದ್ದರೆ ಅದು ಅಚ್ಚಾಗುತ್ತಲೇ ಇರಲಿಲ್ಲ, ಅದೂ ನಿಜ.

ಅಪ್ಪ ಈಗಿಲ್ಲ. ಕನ್ನಡ ಮೇಷ್ಟ್ರೂ ಇಲ್ಲ. ನಾನು ಕೆಲಸಕ್ಕೆ ಸೇರಿದ ಮೇಲೆ ಎಷ್ಟೋ ಸಲ ಮೇಷ್ಟ್ರ ಮನೆಗೆ ಹೋಗಿದ್ದೆ, ಕಾಫಿ ಕುಡಿದು ಬಂದಿದ್ದೆ. ಆ ಸಾಲು ನನ್ನದು ಎಂದು ಹೇಳುವುದು ಒಂದು ನಿಮಿಷದ ಕೆಲಸ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಹೇಳದೆಯೇ ಉಳಿಯಿತು. ಹೇಳಿದ್ದರೆ ಅವರಿಗೆ ಸಂತೋಷವಾಗುತ್ತಿತ್ತು ಎಂದು ಈಗ ಅನಿಸುತ್ತದೆ.

ಆದ್ದರಿಂದ ಮೇಷ್ಟ್ರ ನೆನಪಿನಲ್ಲಿ ಶಾಲೆಗೆ ಒಂದು ಚಿಕ್ಕ ದತ್ತಿ ಇಡುತ್ತಿದ್ದೇನೆ. 25,000 ರೂಪಾಯಿ ಠೇವಣಿ. ಅದರ ಬಡ್ಡಿಯಲ್ಲಿ ಪ್ರತಿವರ್ಷ ಒಳ್ಳೆಯ ಕಥೆ ಬರೆದ ಒಬ್ಬ ವಿದ್ಯಾರ್ಥಿಗೆ ಅಥವಾ ವಿದ್ಯಾರ್ಥಿನಿಗೆ ಒಂದು ಪೆನ್ನು ಮತ್ತು ಪುಸ್ತಕ. ಒಂದು ಕೋರಿಕೆ ಇದೆ. ಬರೆದವರ ಹೆಸರು ಕಥೆಯ ಕೆಳಗೆ ಇರಲಿ. ಬೇರೆ ಹೆಸರು ಬೇಕು ಎಂದು ಮಗು ಇಷ್ಟಪಟ್ಟು ಕೇಳಿದರೆ ಕೊಡಿ. ಹೆದರಿ ಕೇಳಿದರೆ ಟೀಚರುಗಳು ದಯವಿಟ್ಟು ಒಂದು ಸಲ ಮನೆಗೆ ಹೋಗಿ ತಂದೆ ತಾಯಿಯ ಹತ್ತಿರ ಮಾತಾಡಿ.

ಊರಿನ ಹಿರಿಯರಲ್ಲಿ, ಅಪ್ಪಂದಿರಲ್ಲಿ ಒಂದು ಮಾತು. ನಿಮ್ಮ ಮನೆಯ ಹೆಣ್ಣುಮಗಳು ಏನಾದರೂ ಬರೆದು ತಂದರೆ ಓದಿ. ಕಣ್ಣು ಮಂಜಾಗಿದ್ದರೆ ಅವಳಿಂದಲೇ ಓದಿಸಿ ಕೇಳಿ. ಚೆನ್ನಾಗಿದ್ದರೆ ಚೆನ್ನಾಗಿದೆ ಅನ್ನಿ. ನಾಲ್ಕು ಜನದ ಬಾಯಲ್ಲಿ ಅವಳ ಹೆಸರು ಬರುವುದಕ್ಕೆ ಮೊದಲು ನಿಮ್ಮ ಬಾಯಲ್ಲಿ ಬರಲಿ.

ಹೆಣ್ಣುಮಕ್ಕಳೇ, ನೀವು ಇವತ್ತು ಈ ಶಾಲೆಯಲ್ಲಿ ಅರ್ಧಕ್ಕಿಂತ ಹೆಚ್ಚಾಗಿಯೇ ಕಾಣುತ್ತಿದ್ದೀರಿ, ನೋಡಿ ಕಣ್ಣು ತುಂಬಿತು. ನಿಮ್ಮ ಸಾಲಿನ ಕೆಳಗೆ ಯಾರಾದರೂ ಕೆಂಪು ಗೆರೆ ಎಳೆದು ಇದು ನಿನ್ನದಲ್ಲ ಅಂದರೆ, ಎದ್ದು ನಿಂತು “ನಂದೇ ಸಾರ್” ಅನ್ನಿ. ನಂಬದಿದ್ದರೆ ಅವರ ಎದುರಿಗೇ ಕೂತು ಇನ್ನೊಂದು ಬರೆದು ತೋರಿಸಿ.

ಶಾಲೆ ನೂರು ವರ್ಷ ತುಂಬಲಿ.